ಗೀಟೋ, ತೂತೋ

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಶಸ್ತ್ರಚಿಕಿತ್ಸೆ ವಾರ್ಡಿನ ಬಾಗಿಲಿಗೆ ಅಂಟಿಕೊಂಡ ಹಾಗೆ, ಒಂದು ಮೇಜು, ಮೂರು ಕುರ್ಚಿ, ಒಂದು ಕಬ್ಬಿಣದ ಬೀರು ಹಿಡಿಸುವಷ್ಟು ದೊಡ್ಡ ಕೋಣೆ ಇತ್ತು. ಇಪ್ಪತ್ತಾರು ವರ್ಷಗಳಿಂದ ಆ ಕೋಣೆಯಲ್ಲಿ ಕೂತಿದ್ದವರು ವಾರ್ಡಿನ ಗುಮಾಸ್ತರು. ಅವರ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: ಪಾಪದ ಮನುಷ್ಯ, ಆದರೆ ಕಡತಗಳನ್ನು ಮಾತ್ರ ಕಣ್ಣಿಗೊತ್ತಿಕೊಳ್ಳುವ ಹಾಗೆ ಇಟ್ಟಿರುತ್ತಾರೆ. ಇಷ್ಟು ವರ್ಷಗಳಲ್ಲಿ ಅವರ ಕೋಣೆಯಿಂದ ಕಳೆದುಹೋದದ್ದು ಒಂದೇ ಒಂದು ಕಡತ. ಅದೂ ಆಮೇಲೆ ದೊಡ್ಡ ಡಾಕ್ಟರ ಕಾರಿನ ಹಿಂದಿನ ಸೀಟಿನ ಕೆಳಗೆ ಸಿಕ್ಕಿತು. ಗುಮಾಸ್ತರು ಅದನ್ನು ಒರೆಸಿ, ಅದರ ಜಾಗದಲ್ಲಿಟ್ಟು, ಯಾರಿಗೂ ಏನೂ ಹೇಳಲಿಲ್ಲ.

ಬಹುಶಃ ಅದೇ ಕಾರಣಕ್ಕೆ ಒಂದು ದಿನ ದೊಡ್ಡ ಡಾಕ್ಟರು ಒಂದು ರಟ್ಟಿನ ಡಬ್ಬಿ ಹೊತ್ತುಕೊಂಡು ನೇರವಾಗಿ ಅವರ ಕೋಣೆಗೇ ಬಂದರು. ಅವರ ಹಿಂದೆಯೇ ಕನ್ನಡಕ ಹಾಕಿಕೊಂಡ ತೆಳ್ಳಗಿನ ಹೆಂಗಸೊಬ್ಬರು ಬಂದರು. ಅವರು ಡಾಕ್ಟರಲ್ಲ. ಯಾವ ಚಿಕಿತ್ಸೆಯಿಂದ ಎಷ್ಟು ಜನಕ್ಕೆ ಏನಾಯಿತು ಎಂದು ಅಂಕಿಸಂಖ್ಯೆ ನೋಡಿ ಹೇಳುವುದು ಅವರ ಕೆಲಸ. ಆಸ್ಪತ್ರೆಯವರೆಲ್ಲ ಅವರನ್ನು ಲೆಕ್ಕದ ಮೇಡಂ ಎನ್ನುತ್ತಿದ್ದರು.

ವಿಷಯ ಹರ್ನಿಯಾದ್ದು. ಹೊಟ್ಟೆಯ ಕೆಳಭಾಗದಲ್ಲಿ, ತೊಡೆಯ ಸಂದಿನಲ್ಲಿ ಕರುಳು ಹೊರಗಿಣುಕಿ ಗಂಟಾಗುವ ಕಾಯಿಲೆ ಅದು. ಅದಕ್ಕೆ ಎರಡು ಥರದ ಆಪರೇಷನ್. ಒಂದರಲ್ಲಿ ಚರ್ಮವನ್ನು ನಾಲ್ಕು ಬೆರಳುದ್ದ ಕೊಯ್ದು, ಒಳಗೊಂದು ಬಲೆಯ ತುಂಡಿಟ್ಟು ಹೊಲಿಯುವುದು. ಇನ್ನೊಂದರಲ್ಲಿ ಮೂರು ಸಣ್ಣ ತೂತು ಮಾಡಿ, ಒಂದರೊಳಗೆ ಕ್ಯಾಮೆರಾ ಬಿಟ್ಟು, ಟಿವಿ ನೋಡಿಕೊಂಡು ಅದೇ ಬಲೆಯನ್ನು ಅದೇ ಜಾಗದಲ್ಲಿ ಇಡುವುದು. ಇವೆರಡಕ್ಕೂ ಇದ್ದ ಉದ್ದುದ್ದ ಹೆಸರುಗಳನ್ನು ವಾರ್ಡಿನ ಆಯಾಗಳು ಎಂದೋ ಬಿಸಾಕಿದ್ದರು. ಅವರ ಬಾಯಲ್ಲಿ ಒಂದು ಗೀಟು, ಇನ್ನೊಂದು ತೂತು.

"ಎರಡರಲ್ಲಿ ಯಾವುದು ಒಳ್ಳೇದು ಸಾರ್?" ಎಂದರು ಗುಮಾಸ್ತರು.

"ಗೊತ್ತಿದ್ದಿದ್ರೆ ಈ ಡಬ್ಬಿ ಯಾಕ್ರೀ ಹೊತ್ಕೊಂಡು ಬರ್ತಿದ್ದೆ? ನನ್ನ ಪ್ರಕಾರ ತೂತು. ಆದ್ರೆ ನನ್ನ ಪ್ರಕಾರ ಅಂದ್ರೆ ಸಾಲದು ಅಂತಾರೆ ಇವ್ರು."

ಡಬ್ಬಿಯಲ್ಲಿ ಕಂದು ಬಣ್ಣದ ಲಕೋಟೆಗಳಿದ್ದವು. ಒಂದೊಂದರ ಮೇಲೂ ಕ್ರಮವಾಗಿ ನಂಬರು. ಒಳಗೊಂದು ಕಾರ್ಡು, ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ 'ಅ' ಅಥವಾ 'ಆ'. ಅ ಬಂದರೆ ಗೀಟು, ಆ ಬಂದರೆ ತೂತು. ರೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೆ ಗುಮಾಸ್ತರು ಅವರ ಹೆಸರನ್ನು ಪುಸ್ತಕದಲ್ಲಿ ಬರೆದು, ಮುಂದಿನ ನಂಬರಿನ ಲಕೋಟೆ ಒಡೆದು, ಬಂದದ್ದನ್ನು ಓದಿ ಹೇಳಬೇಕು. ಅಷ್ಟೇ ಕೆಲಸ.

"ವಯಸ್ಸಾದವರು, ಚಿಕ್ಕವರು, ಗಟ್ಟಿ ಇರೋರು, ಇಲ್ಲದೋರು ಎಲ್ಲ ಎರಡೂ ಕಡೆ ಸಮಸಮವಾಗಿ ಬೀಳಬೇಕು," ಎಂದರು ಲೆಕ್ಕದ ಮೇಡಂ. "ಅದು ಚೀಟಿಯಿಂದ ಮಾತ್ರ ಆಗುತ್ತೆ. ಮುಂದಿನ ಲಕೋಟೇಲಿ ಏನಿದೆ ಅಂತ ಡಾಕ್ಟರಿಗೂ ಗೊತ್ತಿರಬಾರದು, ನಿಮಗೂ ಗೊತ್ತಿರಬಾರದು."

"ನನಗೆ ಗೊತ್ತಾದ್ರೆ ಏನಂತೆ ಮೇಡಂ? ನಾನೇನು ಆಪರೇಷನ್ ಮಾಡ್ತೀನಾ?"

"ಗೊತ್ತಾದ್ರೆ ಏನಾದ್ರೂ ಮಾಡ್ಬೇಕು ಅನ್ಸುತ್ತೆ."

ಗುಮಾಸ್ತರಿಗೆ ಆ ಮಾತು ಅಷ್ಟು ಹಿಡಿಸಲಿಲ್ಲ. ಆದರೂ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅಂಗಿಯ ಒಳಜೇಬಿಗೆ ಸೇರಿಸಿಕೊಂಡರು.

ಒಂದು ತಿಂಗಳಲ್ಲಿ ಅವರ ಹೆಸರು ಬದಲಾಯಿತು. ಅಲ್ಲಿಯವರೆಗೆ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ, ಕರೆಯುವ ಅಗತ್ಯವೂ ಬಿದ್ದಿರಲಿಲ್ಲ. ಈಗ ರೋಗಿಗಳ ಕಡೆಯವರು ಹೊರಗಿನ ಬೆಂಚಿನಿಂದಲೇ "ಲಕೋಟೆ ಸಾರ್" ಎನ್ನತೊಡಗಿದರು. ಲಕೋಟೆಯ ಮುಂದೆ ಜನ ಆಡುತ್ತಿದ್ದ ಆಟವನ್ನು ನೋಡಿ ಗುಮಾಸ್ತರು ಮೊದಮೊದಲು ನಕ್ಕರು, ಆಮೇಲಾಮೇಲೆ ನಗು ನಿಂತಿತು. ಒಬ್ಬಾಕೆ ಗಂಡನನ್ನು ಪಕ್ಕದಲ್ಲೇ ಕೂರಿಸಿಕೊಂಡು, "ಇವರು ಮೊದಲೇ ಪುಕ್ಕಲು ಸಾರ್, ದೊಡ್ಡ ಗಾಯ ನೋಡಿದ್ರೆ ಅಲ್ಲೇ ಬಿದ್ಬಿಡ್ತಾರೆ, ಸಣ್ಣದೇ ತೆಗೀರಿ" ಎಂದಳು. ಇನ್ನೊಬ್ಬರು ಡಬ್ಬಿಯನ್ನು ಚೆನ್ನಾಗಿ ಕುಲುಕಿ ಎಂದರು. ಗೀಟು ಬಂದ ಒಬ್ಬ ಆಸಾಮಿ ಕಾರ್ಡನ್ನು ವಾಪಸು ಮೇಜಿನ ಮೇಲಿಟ್ಟು, "ಇದು ಬೇಡ, ಬೇರೆ ಕೊಡಿ. ಚಪ್ಪಲಿ ಅಂಗಡೀಲೂ ಬದಲಾಯಿಸಿ ಕೊಡ್ತಾರಪ್ಪ" ಎಂದು ಹಠ ಹಿಡಿದು ಕೂತ.

"ಇಷ್ಟ ಇಲ್ಲ ಅಂದ್ರೆ ಹೊರಗೆ ಬರಬಹುದು. ಡಾಕ್ಟರ ಹತ್ರ ಮಾತಾಡಿ. ಬದಲಾಯಿಸೋ ಹಾಗಿಲ್ಲ," ಎಂದರು ಗುಮಾಸ್ತರು. ಈ ಮಾತನ್ನು ಅವರು ವಾರಕ್ಕೆರಡು ಸಲ ಹೇಳುತ್ತಿದ್ದರು.

ಜನರಿಗೆಲ್ಲ ತೂತೇ ಬೇಕಿತ್ತು. ಸಣ್ಣ ಗಾಯ, ಸಣ್ಣ ನೋವು, ಸಣ್ಣ ಆಪರೇಷನ್ ಎಂದು ಅವರು ತಿಳಿದಿದ್ದರು. ಗುಮಾಸ್ತರೂ ಹಾಗೇ ತಿಳಿದಿದ್ದರು. ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಕೂತ ಮನುಷ್ಯನಿಗೆ ಅಷ್ಟೂ ಗೊತ್ತಾಗದೇ ಎಂಬ ಧೈರ್ಯ ಬೇರೆ.

ಮೊದಲ ನೂರಿಪ್ಪತ್ತು ಲಕೋಟೆಗಳು ಐದು ತಿಂಗಳಲ್ಲಿ ಮುಗಿದವು. ಯಾವ ತೊಂದರೆಯೂ ಆಗಲಿಲ್ಲ. ಆಮೇಲೆ ಎರಡನೇ ಡಬ್ಬಿ ಬಂತು. ನೋಡಲು ಅದೇ ಬಣ್ಣ, ಅದೇ ಅಳತೆ. ಆದರೆ ಮೊದಲಿನವಕ್ಕೆ ಒಳಗಡೆ ಕಪ್ಪು ಕಾಗದದ ಪದರ ಇತ್ತು, ಇವಕ್ಕೆ ಇರಲಿಲ್ಲ. ಕಚೇರಿಯಲ್ಲಿ ಯಾರೋ ಲಕೋಟೆ ತರಿಸುವಾಗ ಆ ಪದರ ಬೇಕೆಂಬ ಒಂದು ಸಾಲನ್ನು ಓದಿರಲಿಲ್ಲ.

ಗುಮಾಸ್ತರಿಗೆ ಅದು ಗೊತ್ತಾದದ್ದು ಆಕಸ್ಮಿಕವಾಗಿ. ಅವರ ಕೋಣೆಯ ಗೋಡೆಯ ಮೇಲೆ ಎಕ್ಸ್‌ರೇ ನೋಡುವ ಬಿಳಿ ಬೆಳಕಿನ ಪೆಟ್ಟಿಗೆ ಇತ್ತು. ಒಂದು ಬೆಳಿಗ್ಗೆ ಎರಡೂ ಕೈಯಲ್ಲಿ ಕಡತ ಕಟ್ಟುತ್ತಿದ್ದಾಗ, ನೂರಿಪ್ಪತ್ತಮೂರನೇ ಲಕೋಟೆಯನ್ನು ಒಂದು ಕ್ಷಣಕ್ಕೆಂದು ಆ ಪೆಟ್ಟಿಗೆಯ ಕ್ಲಿಪ್ಪಿಗೆ ಸಿಕ್ಕಿಸಿದರು. ದೀಪ ಉರಿಯುತ್ತಿತ್ತು. ತಲೆ ಎತ್ತಿ ನೋಡಿದರೆ, ಕಂದು ಕಾಗದದ ನಡುವೆ ಅಕ್ಷರ ಮೂಡಿತ್ತು. ಅ ಮತ್ತು ಆ ನಡುವೆ ಇರುವುದು ಒಂದು ಬಾಲ ಮಾತ್ರ. ಬಾಲ ಕಾಣುತ್ತಿತ್ತು.

ಅವರು ತಕ್ಷಣ ದೀಪ ಆರಿಸಿದರು. ಕಚೇರಿಗೆ ತಿಳಿಸಬೇಕು ಎಂದುಕೊಂಡರು. ಅಷ್ಟರಲ್ಲಿ ರೋಗಿ ಬಂದರು, ಆಮೇಲೆ ಊಟದ ಹೊತ್ತಾಯಿತು, ಆಮೇಲೆ ಹೆಡ್ ಸಿಸ್ಟರ್ ಹಾಸಿಗೆಗಳ ಪಟ್ಟಿ ಕೇಳಿದರು. ತಿಳಿಸುವುದು ಮರುದಿನಕ್ಕೆ ಹೋಯಿತು. ಒಂದು ವಾರ ಅವರು ಆ ಪೆಟ್ಟಿಗೆಗೆ ಬೆನ್ನು ಹಾಕಿಕೊಂಡೇ ಕೂತರು. ಹಾಗೆ ಕೂತರೆ ಬಾಗಿಲಿಗೂ ಬೆನ್ನು ಬೀಳುತ್ತಿತ್ತು, ಬಂದವರೆಲ್ಲ ಅವರ ಬೆನ್ನಿನ ಜೊತೆ ಮಾತಾಡಬೇಕಾಯಿತು.

ಎಂಟನೇ ದಿನ ಬೀಗ ರಿಪೇರಿ ಮಾಡುವ ಮುದುಕರೊಬ್ಬರು ಬಂದರು. ಎಪ್ಪತ್ತೊಂದು ವರ್ಷ. ಬೆಂಚಿನಿಂದ ಏಳುವಾಗ ಗೋಡೆ ಹಿಡಿದುಕೊಂಡರು. ಅವರ ಪಕ್ಕದಲ್ಲೇ ಬಸ್ ಡಿಪೋದ ಮೆಕ್ಯಾನಿಕ್, ಮೂವತ್ತೆಂಟರವನು, ಒಂದು ಕೈಯಲ್ಲಿ ಫೋನು ಹಿಡಿದು ಯಾರನ್ನೋ ಬೈಯುತ್ತಿದ್ದ. ಸರದಿಯಲ್ಲಿ ಮೊದಲು ಮುದುಕರು, ಆಮೇಲೆ ಮೆಕ್ಯಾನಿಕ್.

"ನನಗೇನೂ ಗೊತ್ತಾಗಲ್ಲ ಸಾರ್, ನೀವೇ ನೋಡಿ ಒಳ್ಳೇದು ಮಾಡಿ," ಎಂದರು ಮುದುಕರು. ಅಷ್ಟೇ ಅಂದದ್ದು. ಬೇರೆಯವರ ಹಾಗೆ ಅಂಗಲಾಚಲಿಲ್ಲ.

ಗುಮಾಸ್ತರು ಒಳಗೆ ಹೋಗಿ, ಬೀರು ತೆಗೆದು, ಮುಂದಿನ ಲಕೋಟೆಯನ್ನು ಬೆಳಕಿಗೆ ಹಿಡಿದರು. ಅ. ಅದರ ಮುಂದಿನದನ್ನೂ ಹಿಡಿದರು. ಆ. ಹೊರಗೆ ಬಂದು, "ಅಜ್ಜ, ನೀವು ಸ್ವಲ್ಪ ಸುಧಾರಿಸ್ಕೊಳ್ಳಿ. ಇವರದ್ದು ಮೊದಲು ಮುಗಿಸ್ತೀನಿ, ಅವಸರದಲ್ಲಿದಾರೆ," ಎಂದರು. ಮೆಕ್ಯಾನಿಕ್ ಖುಷಿಯಿಂದ ಒಳಗೆ ಬಂದು ಗೀಟು ತೆಗೆದುಕೊಂಡು ಹೋದ. ಅಜ್ಜನಿಗೆ ತೂತು ಬಂತು.

ಲಕೋಟೆಯ ಕ್ರಮ ಒಂದಿಷ್ಟೂ ಕೆಟ್ಟಿರಲಿಲ್ಲ. ಯಾವ ಲಕೋಟೆಯನ್ನೂ ಅವರು ಅದಲುಬದಲು ಮಾಡಿರಲಿಲ್ಲ. ಪುಸ್ತಕದಲ್ಲಿ ಒಂದೂ ತಿದ್ದುಪಡಿ ಇರಲಿಲ್ಲ. ಬೆಂಚಿನ ಮೇಲೆ ಕೂತವರಲ್ಲಿ ಯಾರನ್ನು ಮೊದಲು ಕರೆಯಬೇಕು ಎಂಬುದಷ್ಟೇ ಬದಲಾಗಿತ್ತು, ಅದಂತೂ ಇಪ್ಪತ್ತಾರು ವರ್ಷಗಳಿಂದ ಅವರಿಗೇ ಸೇರಿದ ವಿಷಯ. ಅಂದು ಸಂಜೆ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಅವರಿಗೆ ಬೇಜಾರಾಗಲಿಲ್ಲ.

ಆಮೇಲೆ ಅದು ಅಭ್ಯಾಸವಾಯಿತು. ಬೆಳಿಗ್ಗೆ ಬಂದವರೇ ಮುಂದಿನ ನಾಲ್ಕೈದು ಲಕೋಟೆ ನೋಡಿಕೊಂಡು, ಬೆಂಚಿನ ಕಡೆ ಒಮ್ಮೆ ಕಣ್ಣು ಹಾಯಿಸುವರು. ಕೂದಲು ಬೆಳ್ಳಗಾದವರು, ಕೆಮ್ಮುವವರು, ಕೋಲು ಹಿಡಿದವರು, ಕೈ ನಡುಗುವವರು ಎಲ್ಲ ತೂತಿನ ಕಡೆಗೆ. ಎದೆ ಸೆಟೆಸಿ ಕೂತವರು, ಸೊಸೆಯ ಮೇಲೆ ರೇಗಾಡಲು ಶಕ್ತಿ ಇದ್ದವರು ಗೀಟಿನ ಕಡೆಗೆ. ಕೆಲವು ಸಲ ಲಕೋಟೆಗೆ ಜನ ಹೊಂದುತ್ತಿರಲಿಲ್ಲ. ಆಗ "ನಾಳೆ ಬೆಳಿಗ್ಗೆ ಬನ್ನಿ, ಇವತ್ತು ಪುಸ್ತಕ ಆಫೀಸಿಗೆ ಹೋಗಿದೆ" ಎನ್ನುವರು. ತಮ್ಮ ಜೀವಮಾನದಲ್ಲಿ ಅವರು ಹೇಳಿದ ಸುಳ್ಳುಗಳಲ್ಲಿ ಮುಕ್ಕಾಲು ಪಾಲು ಆ ನಾಲ್ಕು ತಿಂಗಳಲ್ಲೇ ಹೇಳಿದವು.

ಮನೆಯಲ್ಲಿ ಹೆಂಡತಿಗೆ ಇದನ್ನು ಹೇಳಿರಲಿಲ್ಲ. ಹೆಂಡತಿ ಪ್ರೈಮರಿ ಶಾಲೆಯಲ್ಲಿ ಲೆಕ್ಕದ ಪಾಠ ಹೇಳುತ್ತಿದ್ದರು. ಗುಮಾಸ್ತರು ಅವರನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು, ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ. ಇತ್ತೀಚೆಗೆ ಗಂಡ ಊಟ ಮಾಡುವಾಗ ತನ್ನಷ್ಟಕ್ಕೇ ನಗುತ್ತಿರುವುದನ್ನು ನೋಡಿ ಅವರು, "ಏನ್ರೀ, ಪ್ರಮೋಷನ್ ಏನಾದ್ರೂ ಬಂತಾ?" ಎಂದು ಕೇಳಿದ್ದರು. "ನಮ್ಮಂಥೋರಿಗೆ ಯಾವ ಪ್ರಮೋಷನ್ನು," ಎಂದು ಗುಮಾಸ್ತರು ಇನ್ನೂ ಸ್ವಲ್ಪ ನಕ್ಕಿದ್ದರು.

ದೊಡ್ಡ ಡಾಕ್ಟರು ಮಾತ್ರ ನಗುವುದನ್ನು ಬಿಟ್ಟರು. ತೂತಿನ ಆಪರೇಷನ್ನಿನಲ್ಲಿ ಅವರದು ಎತ್ತಿದ ಕೈ. ಊರಿಡೀ ಅದಕ್ಕಾಗಿಯೇ ಅವರನ್ನು ಹುಡುಕಿಕೊಂಡು ಬರುತ್ತಿತ್ತು. ಈಗ ಏನಾಗಿತ್ತೋ, ತೂತು ಮಾಡಿಸಿಕೊಂಡವರಲ್ಲಿ ಒಬ್ಬರಿಗೆ ಮೂತ್ರ ಕಟ್ಟುವುದು, ಇನ್ನೊಬ್ಬರಿಗೆ ತಲೆ ಸುತ್ತಿ ಹಾಸಿಗೆಯಿಂದ ಏಳಲಾಗದಿರುವುದು, ಮತ್ತೊಬ್ಬರಿಗೆ ಎದೆಯಲ್ಲಿ ಕಫ. ಒಂದು ದಿನಕ್ಕೆ ಮನೆಗೆ ಹೋಗಬೇಕಾದವರು ಐದೈದು ದಿನ ಉಳಿಯುತ್ತಿದ್ದರು. ಗೀಟು ಹಾಕಿಸಿಕೊಂಡವರೋ, ಮರುದಿನವೇ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಗೀಟು ಹಾಕುತ್ತಿದ್ದದ್ದು ಡಾಕ್ಟರ ಕೈಕೆಳಗಿನ ಸಹಾಯಕರು.

ದೊಡ್ಡ ಡಾಕ್ಟರು ಕಣ್ಣು ಪರೀಕ್ಷೆ ಮಾಡಿಸಿಕೊಂಡರು. ಕಣ್ಣು ಸರಿ ಇತ್ತು. ಕ್ಯಾಮೆರಾ ಕೆಟ್ಟಿರಬಹುದೆಂದು ಕಂಪನಿಯವರನ್ನು ಕರೆಸಿದರು. ಕ್ಯಾಮೆರಾ ಸರಿ ಇತ್ತು. ಆಮೇಲೆ ಉಳಿದದ್ದು ಅವರ ಕೈ ಒಂದೇ.

ಗುಮಾಸ್ತರು ಇದನ್ನು ಕಣ್ಣಾರೆ ಕಂಡದ್ದು ಒಂದು ಮಧ್ಯಾಹ್ನ, ನೆಲಮಾಳಿಗೆಯ ತರಬೇತಿ ಕೋಣೆಗೆ ಕಡತ ಕೊಡಲು ಹೋದಾಗ. ಓದುವ ಹುಡುಗ ಹುಡುಗಿಯರು ಕೈ ಪಳಗಿಸಿಕೊಳ್ಳಲೆಂದು ಅಲ್ಲಿ ಒಂದು ಮುಚ್ಚಿದ ಪೆಟ್ಟಿಗೆ ಇಟ್ಟಿದ್ದರು. ತೂತಿನಿಂದ ಎರಡು ಉದ್ದನೆಯ ಚಿಮುಟ ಒಳಗೆ ಬಿಟ್ಟು, ಟಿವಿ ನೋಡಿಕೊಂಡು, ಒಂದು ಬಟ್ಟಲಿನ ಮಣಿಗಳನ್ನು ಇನ್ನೊಂದು ಬಟ್ಟಲಿಗೆ ಹಾಕಬೇಕು. ಊಟದ ಹೊತ್ತಾದ್ದರಿಂದ ಕೋಣೆ ಖಾಲಿ. ಒಬ್ಬ ವಿದ್ಯಾರ್ಥಿನಿ ಮಾತ್ರ ಗಡಿಯಾರ ಹಿಡಿದು ನಿಂತಿದ್ದಳು. ಪೆಟ್ಟಿಗೆಯ ಮುಂದೆ ದೊಡ್ಡ ಡಾಕ್ಟರು. ಮೂವತ್ತು ವರ್ಷ ಮನುಷ್ಯರ ಹೊಟ್ಟೆಯೊಳಗೆ ಕೈಯಾಡಿಸಿದ ಮನುಷ್ಯ, ನಾಲಿಗೆಯ ತುದಿ ಕಚ್ಚಿಕೊಂಡು ಮಣಿ ಹೆಕ್ಕುತ್ತಿದ್ದರು.

"ಐವತ್ತೆರಡು ಸೆಕೆಂಡು ಸಾರ್."

"ಬ್ಯಾಚಿನಲ್ಲಿ ಎಲ್ಲಕ್ಕಿಂತ ಕಮ್ಮಿ ಎಷ್ಟು?"

ವಿದ್ಯಾರ್ಥಿನಿ ಸ್ವಲ್ಪ ಹಿಂದೆಮುಂದೆ ನೋಡಿದಳು. "ನಲವತ್ತೊಂಬತ್ತು ಸಾರ್. ನಂದೇ."

"ಇನ್ನೊಂದ್ಸಲ ಹಿಡಿ," ಎಂದರು ಡಾಕ್ಟರು.

ಗುಮಾಸ್ತರು ಕಡತವನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ಸದ್ದಿಲ್ಲದೆ ಮೆಟ್ಟಿಲು ಹತ್ತಿದರು. ಅವರಿಗೆ ಅಯ್ಯೋ ಪಾಪ ಅನಿಸಿತು, ಅಷ್ಟೇ. ಈ ಮನುಷ್ಯನಿಗೆ ವಯಸ್ಸಾಯಿತು ಎಂದುಕೊಂಡರು. ತಮಗೂ ಇದಕ್ಕೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ.

ಹೊಳೆದದ್ದು ಟೈಪಿಂಗ್ ಮೇಷ್ಟರಿಂದ.

ಮೇಷ್ಟರು ಎಪ್ಪತ್ತನಾಲ್ಕರವರು, ಒಂದು ಕಾಲದಲ್ಲಿ ಟೈಪಿಂಗ್ ಶಾಲೆ ನಡೆಸಿದವರು. ಗುಮಾಸ್ತರ ಮೇಜಿನ ಮುಂದೆ ಕೂತು, ಒಪ್ಪಿಗೆ ಪತ್ರದಲ್ಲಿ ಎರಡು ಕಡೆ ಅಕ್ಷರ ತಪ್ಪಾಗಿದೆ ಎಂದು ಬೆರಳಿಟ್ಟು ತೋರಿಸಿ, ಆಮೇಲೆ ಸಹಿ ಹಾಕಿದರು. ಮಾತಿನ ನಡುವೆ ಕೆಮ್ಮುತ್ತಿದ್ದರು. "ಸಣ್ಣದೇ ಬಂದ್ರೆ ಚೆನ್ನಾಗಿತ್ತು," ಎಂದು ಒಮ್ಮೆ ಮಾತ್ರ ಅಂದರು. ಆ ಬೆಳಿಗ್ಗೆ ಸರದಿಯಲ್ಲಿ ಮೇಷ್ಟರ ಹಿಂದಿದ್ದವನು ಮಾರುಕಟ್ಟೆಯಲ್ಲಿ ಮೂಟೆ ಹೊರುವ ಆಳು, ಬಾಗಿಲಿನಷ್ಟು ಅಗಲದ ಎದೆ. ಗುಮಾಸ್ತರು ಎರಡು ಸಲ ಯೋಚನೆ ಮಾಡಲಿಲ್ಲ. ಮೂಟೆಯವನಿಗೆ ಗೀಟು, ಮೇಷ್ಟರಿಗೆ ತೂತು. ಮೇಷ್ಟರು ಎದ್ದು ನಿಂತು ಗುಮಾಸ್ತರ ಕೈ ಕುಲುಕಿ ಹೋದರು.

ಆಪರೇಷನ್ನಾದ ಮೂರನೇ ದಿನ ಮೇಷ್ಟರಿಗೆ ಜ್ವರ ಬಂತು. ನಾಲ್ಕನೇ ದಿನ ಉಸಿರಾಟ ಕಷ್ಟವಾಗಿ ಐಸಿಯುಗೆ ಸಾಗಿಸಿದರು. ಅರಿವಳಿಕೆ ಕೊಡುವ ಡಾಕ್ಟರಮ್ಮ ಕಡತ ಕೇಳಲು ತಾವೇ ಗುಮಾಸ್ತರ ಕೋಣೆಗೆ ಬಂದರು. ಹಾಳೆ ತಿರುವುತ್ತಾ ನಿಂತಲ್ಲೇ ಗೊಣಗಿದರು.

"ಇವರ ಎದೆ ಮೊದಲೇ ಅಷ್ಟಕ್ಕಷ್ಟೆ. ತೂತಿಗೆ ಪೂರ್ತಿ ಎಚ್ಚರ ತಪ್ಪಿಸ್ಬೇಕು, ಗಂಟಲಲ್ಲಿ ಕೊಳವೆ ಇಳಿಸ್ಬೇಕು, ಹೊಟ್ಟೆಗೆ ಗಾಳಿ ತುಂಬಬೇಕು. ಗೀಟಾಗಿದ್ರೆ ಬೆನ್ನಿಗೊಂದು ಸೂಜಿ ಸಾಕಿತ್ತು. ಎಚ್ಚರವಾಗಿದ್ದು ಕಥೆ ಹೇಳ್ತಾ ಮಾಡಿಸ್ಕೊಳ್ತಿದ್ರು."

"ಅಂದ್ರೆ... ತೂತು ಸಣ್ಣದಲ್ವಾ ಮೇಡಂ?"

"ಗಾಯ ಸಣ್ಣದು. ಆಪರೇಷನ್ ಯಾಕೆ ಸಣ್ಣದಾಗುತ್ತೆ?" ಎಂದು ಡಾಕ್ಟರಮ್ಮ ಕಡತ ಮುಚ್ಚಿದರು. "ಏನ್ಮಾಡೋಕಾಗುತ್ತೆ, ಚೀಟಿ ಹಾಗೆ ಬಂತು."

ಅವರು ಹೋದ ಮೇಲೆ ಗುಮಾಸ್ತರು ಬಹಳ ಹೊತ್ತು ಬೀರುವನ್ನೇ ನೋಡುತ್ತಾ ಕೂತರು. ಚೀಟಿ ಹಾಗೆ ಬಂದಿರಲಿಲ್ಲ. ಚೀಟಿಯ ಪ್ರಕಾರ ನಡೆದಿದ್ದರೆ ಮೇಷ್ಟರು ಇಷ್ಟು ಹೊತ್ತಿಗೆ ಮನೆಯಲ್ಲಿ ಪೇಪರಿನಲ್ಲಿ ಅಕ್ಷರ ತಪ್ಪು ಹುಡುಕುತ್ತಿರುತ್ತಿದ್ದರು.

ಆ ಸಂಜೆ ಹೆಂಡತಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದಾಗ ಗುಮಾಸ್ತರು ಎದುರಿಗೆ ಕೂತು ಎಲ್ಲವನ್ನೂ ಹೇಳಿದರು. ಬೆಳಕಿನ ಪೆಟ್ಟಿಗೆ, ಬೀಗದ ಅಜ್ಜ, ಮೂಟೆಯವನು, ಮೇಷ್ಟರು, ಎಲ್ಲ. ಟೀಚರಮ್ಮ ಕೆಂಪು ಪೆನ್ನಿನ ಮುಚ್ಚಳ ಹಾಕಿದರು.

"ವಯಸ್ಸಾದವರನ್ನೆಲ್ಲ ಒಂದೇ ಕಡೆ ಹಾಕಿದ್ರಾ?"

"ಆದಷ್ಟೂ."

"ನಾಲ್ಕು ತಿಂಗಳು?"

"ಹೂಂ."

"ನಮ್ಮ ಶಾಲೇಲಿ ಹೊಸ ಪುಸ್ತಕ ಬಂತು ಅಂತ ಇಟ್ಕೊಳ್ಳಿ. ಕಲಿಯೋಕೆ ಕಷ್ಟಪಡೋ ಮಕ್ಕಳನ್ನೆಲ್ಲ ಪಾಪ ಅಂತ ನಾನು ಹೊಸ ಪುಸ್ತಕದ ಕ್ಲಾಸಿಗೇ ಕಳಿಸಿದೆ. ಪರೀಕ್ಷೇಲಿ ಆ ಕ್ಲಾಸಿಗೆ ಕಮ್ಮಿ ಮಾರ್ಕ್ಸ್ ಬಂತು. ಪುಸ್ತಕ ಕೆಟ್ಟದ್ದಾ?"

ಗುಮಾಸ್ತರ ಕಣ್ಣ ಮುಂದೆ ದೊಡ್ಡ ಡಾಕ್ಟರು ನಾಲಿಗೆ ಕಚ್ಚಿಕೊಂಡು ಮಣಿ ಹೆಕ್ಕುತ್ತಿದ್ದರು.

"ಅಯ್ಯೋ ದೇವರೇ," ಎಂದರು.

"ನಾಳೆ ಮೊದಲು ಹೋಗಿ ಹೇಳಿ," ಎಂದು ಟೀಚರಮ್ಮ ಮತ್ತೆ ಮುಚ್ಚಳ ತೆಗೆದರು. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆಯೇ, "ನಾನೂ ಬರ್ಲಾ ಜೊತೇಲಿ?" ಎಂದು ಕೇಳಿದರು. ಗುಮಾಸ್ತರು ಬೇಡವೆಂದರು. ಹೆಂಡತಿಯನ್ನು ಕರೆದುಕೊಂಡು ತಪ್ಪು ಒಪ್ಪಿಕೊಳ್ಳಲು ಹೋದರೆ ನೋಡುವವರಿಗೆ ಚೆನ್ನಾಗಿರುವುದಿಲ್ಲ ಎಂದು ಅವರಿಗನಿಸಿತು.

ಮರುದಿನ ಅವರು ದೊಡ್ಡ ಡಾಕ್ಟರ ಕೋಣೆಗೆ ಹೋದಾಗ ಲೆಕ್ಕದ ಮೇಡಂ ಆಗಲೇ ಅಲ್ಲಿದ್ದರು. ಮೇಜಿನ ಮೇಲೆ ಒಂದು ಉದ್ದ ಪಟ್ಟಿ ಹರಡಿತ್ತು. ಮೇಡಂ ಪೆನ್ಸಿಲಿನಲ್ಲಿ ಒಂದು ಕಡೆ ಸುತ್ತು ಹಾಕಿದ್ದರು.

"ನೂರಿಪ್ಪತ್ತರವರೆಗೆ ಎರಡೂ ಕಡೆ ಸರಾಸರಿ ವಯಸ್ಸು ಐವತ್ತನಾಲ್ಕು," ಎಂದು ಡಾಕ್ಟರಿಗೆ ಹೇಳುತ್ತಿದ್ದರು. "ಆಮೇಲಿನ ಎಂಬತ್ತು ಜನರಲ್ಲಿ ತೂತಿನ ಕಡೆ ಅರವತ್ತೇಳು, ಗೀಟಿನ ಕಡೆ ನಲವತ್ತೊಂದು. ಚೀಟಿ ತಾನಾಗಿ ಹೀಗೆ ಬೀಳಲ್ಲ."

"ಅದು ತಾನಾಗಿ ಬಿದ್ದಿದ್ದಲ್ಲ ಮೇಡಂ," ಎಂದರು ಗುಮಾಸ್ತರು ಬಾಗಿಲಲ್ಲೇ ನಿಂತು.

ಹೇಳಿ ಮುಗಿಸಲು ಹತ್ತು ನಿಮಿಷ ಹಿಡಿಯಿತು. ಜೊತೆಗೆ ತಂದಿದ್ದ ಲಕೋಟೆಯೊಂದನ್ನು ಕಿಟಕಿಯ ಬಿಸಿಲಿಗೆ ಹಿಡಿದೂ ತೋರಿಸಿದರು. ಬಾಲ ಕಂಡಿತು. ಲೆಕ್ಕದ ಮೇಡಂ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ದೊಡ್ಡ ಡಾಕ್ಟರು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇದೆ," ಎಂದರು.

"ಇದೆ ಸಾರ್."

"ಎರಡು ತಿಂಗಳಿಂದ ಊಟ ಬಿಟ್ಟು ಮಣಿ ಎತ್ತಿ ಹಾಕ್ತಿದೀನಿ ನಾನು."

"ನೋಡ್ದೆ ಸಾರ್."

"ನೋಡಿದ್ರಾ?" ಆಗ ಬಂತು ಡಾಕ್ಟರಿಗೆ ಸಿಟ್ಟು. ಎರಡನೇ ಮಹಡಿಯ ಕೊನೆಯ ಹಾಸಿಗೆಯವರೆಗೂ ಕೇಳಿಸಿತಂತೆ. ಗುಮಾಸ್ತರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಗುಳ ಮುಗಿಯುವ ಹೊತ್ತಿಗೆ ಲೆಕ್ಕದ ಮೇಡಂ ಮೆಲ್ಲಗೆ, "ಕಪ್ಪು ಪದರ ಇಲ್ಲ ಅನ್ನೋದನ್ನ ನಾನೂ ನೋಡ್ಬೇಕಿತ್ತು. ಡಬ್ಬಿ ತೆರೆದು ಒಂದು ಒಡೆದು ನೋಡಿದ್ರೆ ಸಾಕಿತ್ತು," ಎಂದರು. ಅವರು ಆ ಮಾತನ್ನು ವರದಿಯಲ್ಲೂ ಬರೆದರು.

ಮೂರು ಜನರ ಸಮಿತಿ ಕೂತಿತು. ಎಂಬತ್ತು ಜನರ ಫಲಿತಾಂಶವನ್ನು ಪಕ್ಕಕ್ಕಿಟ್ಟರು. ಅಷ್ಟೂ ಮನೆಗಳಿಗೆ ಆಸ್ಪತ್ರೆಯಿಂದ ಪತ್ರ ಹೋಯಿತು. ಗೀಟು-ತೂತಿನ ಪರೀಕ್ಷೆಯನ್ನು ನಿಲ್ಲಿಸಿ, ಹೊಸದಾಗಿ ಶುರು ಮಾಡಬೇಕೆಂದಾಯಿತು. ಲಕೋಟೆ ರದ್ದಾಯಿತು. ಇನ್ನು ಮುಂದೆ ಬೇರೆ ಕಟ್ಟಡದಲ್ಲಿ ಕೂತವರಿಗೆ ಫೋನು ಮಾಡಿ, ರೋಗಿಯ ಹೆಸರು ಬರೆಸಿದ ಮೇಲೆ ಉತ್ತರ ಕೇಳಬೇಕು. ಗುಮಾಸ್ತರಿಗೆ ಎಚ್ಚರಿಕೆ ಪತ್ರ ಕೊಟ್ಟು ಬಟ್ಟೆ ಉಗ್ರಾಣಕ್ಕೆ ಹಾಕಿದರು. ಹಾಸಿಗೆ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಗೌನುಗಳು ಒಗೆದು ಬಂದಾಗ ಎಣಿಸಿ ಇಡುವ ಕೆಲಸ. ಒಂದೇ ವಾರದಲ್ಲಿ ಆ ಉಗ್ರಾಣವೂ ಕಣ್ಣಿಗೊತ್ತಿಕೊಳ್ಳುವ ಹಾಗಾಯಿತು.

ಟೈಪಿಂಗ್ ಮೇಷ್ಟರು ಒಂಬತ್ತು ದಿನ ಐಸಿಯುನಲ್ಲಿದ್ದು ವಾರ್ಡಿಗೆ ಮರಳಿದರು. ಪತ್ರ ತಲುಪುವ ಮೊದಲೇ ಹೇಳಿಬಿಡಬೇಕೆಂದು ಗುಮಾಸ್ತರು ಅವರ ಹಾಸಿಗೆಯ ಬಳಿ ಹೋದರು. ಮೇಷ್ಟರು ದಿಂಬಿಗೊರಗಿ ಕೂತಿದ್ದರು. ಮೊದಲಿಗಿಂತ ಅರ್ಧ ಆಗಿದ್ದರು. ಗುಮಾಸ್ತರು ಹೇಳುವುದನ್ನೆಲ್ಲ ಕೇಳಿಸಿಕೊಂಡರು.

"ಸಣ್ಣದು ಬರ್ಲಿ ಅಂತ ನಾನೇ ಹೇಳಿದ್ದೆ, ಅಲ್ವಾ?"

"ಹೌದು. ಆದ್ರೆ..."

"ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಇಬ್ಬರು ಸೇರ್ಕೊಂಡು ನನ್ನ ಎದೆ ವಿಷಯ ತೀರ್ಮಾನ ಮಾಡಿದ್ವಿ." ಮೇಷ್ಟರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ನಾನು ನಿಮ್ಮನ್ನ ಕ್ಷಮಿಸ್ದೆ ಅಂತ ಈಗ್ಲೇ ಹೇಳಲ್ಲ. ನೋಡೋಣ. ಮೊದಲು ಮೆಟ್ಟಿಲು ಹತ್ತೋಕಾಗುತ್ತಾ ನೋಡ್ತೀನಿ."

ಗುಮಾಸ್ತರು ಆಗಲಿ ಎಂದರು. ಮೇಷ್ಟರು ಮನೆಗೆ ಹೋಗುವವರೆಗೆ ದಿನಾ ಮಧ್ಯಾಹ್ನ ಅವರ ಹಾಸಿಗೆಯ ಹೊದಿಕೆಯನ್ನು ತಾವೇ ತಂದು ಬದಲಾಯಿಸಿದರು. ಮೂರು ತಿಂಗಳ ಮೇಲೆ ಉಗ್ರಾಣದ ವಿಳಾಸಕ್ಕೆ ಒಂದು ಕಾರ್ಡು ಬಂತು, ಟೈಪ್ ಮಾಡಿದ್ದು: "ಇಪ್ಪತ್ತೆರಡು ಮೆಟ್ಟಿಲು ಹತ್ತಿದೆ. ನಡುವೆ ಒಂದು ಸಲ ನಿಂತೆ." ಅಷ್ಟೇ ಇತ್ತು. ಕ್ಷಮೆಯ ವಿಷಯ ಇರಲಿಲ್ಲ.

ಅದೇ ಹೊತ್ತಿಗೆ ಲೆಕ್ಕದ ಮೇಡಂ ಉಗ್ರಾಣಕ್ಕೆ ಬಂದರು. ಹೊದಿಕೆಗಳ ರಾಶಿಯ ನಡುವೆ ನಿಂತು ಅವರು ಹೇಳಿದ ವಿಷಯ ಕೇಳಿ ಗುಮಾಸ್ತರಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಇಂಥ ಪರೀಕ್ಷೆಗಳಲ್ಲಿ ಕೆಲಸ ಮಾಡುವ ನರ್ಸುಗಳು, ಗುಮಾಸ್ತರು, ಸಹಾಯಕರಿಗೆಲ್ಲ ತರಬೇತಿ ಕೊಡಬೇಕು. ಯಾವ ಥರದ ತರಬೇತಿ ಮನಸ್ಸಿಗೆ ನಾಟುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಅದನ್ನೂ ಪರೀಕ್ಷೆ ಮಾಡಬೇಕು. ಅರ್ಧ ಜನರಿಗೆ ಇಪ್ಪತ್ತು ನಿಮಿಷದ ವೀಡಿಯೊ. ಇನ್ನರ್ಧ ಜನರಿಗೆ ಅಷ್ಟೇ ಹೊತ್ತು ಗುಮಾಸ್ತರು.

"ನಾನಾ? ನಾನೇನು ಹೇಳ್ಲಿ ಮೇಡಂ?"

"ಏನು ಮಾಡಿದ್ರೋ ಅದನ್ನೇ ಹೇಳಿ."

"ಯಾರಿಗೆ ವೀಡಿಯೊ, ಯಾರಿಗೆ ನಾನು ಅಂತ ಯಾರು ಹೇಳ್ತಾರೆ?"

"ಫೋನಲ್ಲಿ ಗೊತ್ತಾಗುತ್ತೆ. ನಿಮಗೆ ಮುಂಚೆ ತಿಳಿಸಲ್ಲ."

"ಅದು ಒಳ್ಳೇದು," ಎಂದರು ಗುಮಾಸ್ತರು.

ಹೀಗೆ ಗುಮಾಸ್ತರು ಒಂದು ತರಬೇತಿ ವಿಧಾನವಾದರು. ಒಟ್ಟು ಹನ್ನೊಂದು ತಂಡಗಳಿಗೆ ಮಾತಾಡಿದರು. ಮೊದಲ ಸಲ ಕಾಗದ ನೋಡಿಕೊಂಡು ಓದಿದರು, ಎರಡನೇ ಸಲ ಕಾಗದ ಬೇಕಾಗಲಿಲ್ಲ. ಯಾವುದನ್ನೂ ಬಣ್ಣ ಕಟ್ಟಿ ಹೇಳಲಿಲ್ಲ. ಬೆಂಚು ಎಲ್ಲಿತ್ತು, ದೀಪ ಎಲ್ಲಿತ್ತು, ಯಾರನ್ನು ಯಾರಿಗಿಂತ ಮೊದಲು ಕರೆದೆ ಎಂದು ಹಾಸಿಗೆ ಪಟ್ಟಿ ಓದುವ ದನಿಯಲ್ಲೇ ಹೇಳಿದರು.

ಮೂರನೇ ತಂಡದಲ್ಲಿ ಒಬ್ಬ ಹಿರಿಯ ನರ್ಸಮ್ಮ ಕೈ ಎತ್ತಿದರು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ನಿಮ್ಮ ತಾಯಿನೇ ಬಂದು ಆ ಬೆಂಚಿನ ಮೇಲೆ ಕೂತ್ಕೊಂಡ್ರು ಅಂತ ಇಟ್ಕೊಳ್ಳಿ. ಲಕೋಟೆ ನಿಮ್ಮ ಕೈಲಿದೆ. ದೀಪ ಉರೀತಿದೆ. ನೋಡಲ್ವಾ?"

ಕೋಣೆಯಲ್ಲಿ ಯಾರೋ ನಕ್ಕರು. ಗುಮಾಸ್ತರು ನಿಜವಾಗಿಯೂ ಯೋಚಿಸಿದರು.

"ನೋಡ್ತೀನಿ ಅಮ್ಮ," ಎಂದರು. "ಇಷ್ಟೆಲ್ಲ ಆದ್ಮೇಲೂ ನೋಡ್ತೀನಿ. ಅದಕ್ಕೇ ಅದು ನನ್ನ ಕೈಲಿರಬಾರದು."

ಹಿಂದಿನ ಸಾಲಿನಲ್ಲಿ ಕೂತಿದ್ದ ಲೆಕ್ಕದ ಮೇಡಂ ಅದನ್ನು ಬರೆದುಕೊಂಡರು. ಆಮೇಲೆ ಕಾರಿಡಾರಿನಲ್ಲಿ ಗುಮಾಸ್ತರನ್ನು ನಿಲ್ಲಿಸಿ, ಮಾತು ಚೆನ್ನಾಗಿತ್ತು, ಆದರೆ ಮೊದಲೆರಡು ತಂಡಗಳಿಗೆ ಅದನ್ನು ಹೇಳಿಲ್ಲವಾದ್ದರಿಂದ ಇನ್ನು ಮುಂದೆಯೂ ಹೇಳುವಂತಿಲ್ಲ, ಎಲ್ಲರಿಗೂ ಒಂದೇ ಥರ ಇರಬೇಕು ಎಂದರು. ಗುಮಾಸ್ತರು ಒಪ್ಪಿದರು. ಉಳಿದ ಎಂಟು ತಂಡಗಳಲ್ಲಿ ಐದು ಕಡೆ ಅದೇ ಪ್ರಶ್ನೆ ಬಂತು. ಐದು ಕಡೆಯೂ ಅವರು, "ಅದಕ್ಕೆ ಉತ್ತರ ಹೇಳೋಕೆ ನನಗೆ ಅನುಮತಿ ಇಲ್ಲ," ಎಂದರು.

ಹರ್ನಿಯಾದ ಪರೀಕ್ಷೆ ಹೊಸದಾಗಿ ಶುರುವಾಗಿ ಎರಡು ವರ್ಷಕ್ಕೆ ಮುಗಿಯಿತು. ಗಟ್ಟಿಮುಟ್ಟಾದವರು ತೂತಿನಿಂದ ನಾಲ್ಕು ದಿನ ಮುಂಚೆ ಕೆಲಸಕ್ಕೆ ಮರಳುತ್ತಾರೆ, ಎದೆ ಸರಿಯಿಲ್ಲದ ವಯಸ್ಸಾದವರಿಗೆ ಗೀಟೇ ವಾಸಿ, ಮಿಕ್ಕಂತೆ ಎರಡೂ ಸರಿಸುಮಾರು ಒಂದೇ ಎಂದು ಗೊತ್ತಾಯಿತು. ದೊಡ್ಡ ಡಾಕ್ಟರು ಅದನ್ನೋದಿ, ಸಹಾಯಕರನ್ನು ಕರೆದು, ಮರೆತುಹೋಗಿದ್ದ ಗೀಟನ್ನು ಮತ್ತೆ ಕೈಗೆ ತಂದುಕೊಳ್ಳತೊಡಗಿದರು. ತರಬೇತಿಯ ಪರೀಕ್ಷೆಯಲ್ಲಿ ಗುಮಾಸ್ತರ ಮಾತು ಕೇಳಿದವರು ವೀಡಿಯೊ ನೋಡಿದವರಿಗಿಂತ ಸ್ವಲ್ಪ ಕಡಿಮೆ ತಪ್ಪು ಮಾಡಿದ್ದರು.

"ಸ್ವಲ್ಪ ಅಂದ್ರೆ ಎಷ್ಟು ಮೇಡಂ?"

"ಆಕಸ್ಮಿಕವಾಗಿಯೂ ಅಷ್ಟು ವ್ಯತ್ಯಾಸ ಬರಬಹುದು. ಖಚಿತವಾಗಿ ಹೇಳೋಕಾಗಲ್ಲ."

ಮನೆಗೆ ಹೋಗಿ ಗುಮಾಸ್ತರು ಇದನ್ನು ಟೀಚರಮ್ಮನಿಗೆ ಹೇಳಿದರು. ಅವರು ಅಂಕಿಗಳನ್ನು ಕೇಳಿ, ಹಾಳೆಯೊಂದರ ಹಿಂಬದಿಯಲ್ಲಿ ಏನೋ ಗುಣಿಸಿ, ಭಾಗಿಸಿ ನೋಡಿದರು.

"ಹೌದು ಕಣ್ರೀ, ಹೇಳೋಕಾಗಲ್ಲ," ಎಂದರು. "ಊಟಕ್ಕೆ ಬನ್ನಿ."